ಸೌಂದರ್ಯಳ ಮದುವೆ ಸೀಡಿ

ಕೊಂಡ್ಲಹಳ್ಳಿ ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಯಲ್ಲಿ ದುರುಗೇಶ್ ಹದಿನೈದು ವರ್ಷ ಸೀಡಿ ಬಾಡಿಗೆಗೆ ಕೊಟ್ಟಿದ್ದ. ಸುತ್ತಲ ಹಳ್ಳಿಗಳ ಮದುವೆಗಳಿಗೆ ಹೋಗಿ ವಿಡಿಯೊ ತೆಗೆದಿದ್ದ. ಎಲ್ಲರ ಕೈಗೂ ಮೊಬೈಲ್ ಬಂದಮೇಲೆ ಸಿನಿಮಾ, ಹಾಡಿನ ಸೀಡಿಗಳು ಕೇಳುವವರಿಲ್ಲದೆ ಗೋಡೆಯುದ್ದಕ್ಕೂ ಧೂಳು ಹಿಡಿದವು. ಜೆರಾಕ್ಸ್ ಮೆಷೀನ್ ಇಡಲು ಜಾಗ ಬೇಕಿತ್ತು, ಮುಂಗಡಕ್ಕೆ ದುಡ್ಡೂ ಬೇಕಿತ್ತು. ಒಂದು ಸೋಮವಾರ ಎಲ್ಲವನ್ನೂ ಐದು ಚೀಲಕ್ಕೆ ತುಂಬಿ ಚಳ್ಳಕೆರೆಯ ಗುಜರಿಗೆ ಹಾಕಿ ಬಂದ. ತಾನು ಇಟ್ಟುಕೊಂಡಿದ್ದ ಮದುವೆಗಳ ಪ್ರತಿಗಳೂ ಅದರಲ್ಲೇ ಹೋದವು.

ಮೆಷೀನ್ ಬಂದ ಮಾರನೇ ದಿನ ಬಿ.ಜಿ. ಕೆರೆಯ ಸೌಂದರ್ಯ ಬಂದಳು. ಎಂಟು ವರ್ಷದ ಹಿಂದೆ ಅವಳ ಮದುವೆಯ ವಿಡಿಯೊ ತೆಗೆದವನು ದುರುಗೇಶನೇ. ಗಂಡ ಮಾರುತೇಶ ಅವಳನ್ನು ತವರಿಗೆ ಅಟ್ಟಿದ್ದ. ಜೀವನಾಂಶ ಕೇಳಿದ್ದಕ್ಕೆ, ಮದುವೆಯೇ ಆಗಿಲ್ಲವೆಂದು ಕೋರ್ಟಿಗೆ ಬರೆದುಕೊಟ್ಟಿದ್ದ. ಆಲ್ಬಮ್ಮು, ಸೀಡಿ ಎಲ್ಲಾ ಗಂಡನ ಮನೆಯಲ್ಲೇ ಉಳಿದಿದ್ದವು.

"ನಿನ್ನತ್ರ ಒಂದು ಇರ್ತೈತೆ ಅಂತ ಬಂದೆ ಅಣ್ಣ," ಅಂದಳು.

ಗುಜರಿಗೆ ಹಾಕಿದ್ದನ್ನು ಹೇಳಿದ. ಅವಳು ಅಳಲಿಲ್ಲ, ಅಂಗಡಿ ಎಲ್ಲೈತೆ ಅಂತಷ್ಟೇ ಕೇಳಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ದುರುಗೇಶ್ ಬಾಗಿಲು ಹಾಕಿ ಜೊತೆಗೆ ಹೊರಟ.

ಗುಜರಿಯವನು ಚೀಲಗಳನ್ನು ಇನ್ನೂ ಬಿಚ್ಚಿರಲಿಲ್ಲ. ಹುಡುಕಿಕೊಳ್ಳಿ, ಆದರೆ ಮತ್ತೆ ತುಂಬಿಟ್ಟು ಹೋಗಿ ಅಂದ. ಬಿಸಿಲಲ್ಲಿ ಕೂತು ಇಬ್ಬರೂ ಒಂದೊಂದನ್ನೇ ತೆಗೆದು ನೋಡಿದರು. ಮೂರನೇ ಚೀಲದಲ್ಲಿ ದುರುಗೇಶನಿಗೆ ಅದು ಕಂಡಿತು. ಮಾರುತೇಶ, ಸೌಂದರ್ಯ ಅಂತ ಅವನದೇ ಕೈಬರಹ. ತೆಗೆಯಹೋದ ಕೈ ಹಾಗೇ ನಿಂತಿತು. ಮಾರುತೇಶನ ಅಣ್ಣ ಪ್ರಭುವೇ ದುರುಗೇಶ್ ಬಾಡಿಗೆಗಿದ್ದ ಮಳಿಗೆಯ ಮಾಲೀಕ. ಮೇಲೊಂದು ಸಿನಿಮಾ ಸೀಡಿ ಎಳೆದುಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತು. ಅಷ್ಟರಲ್ಲಿ ಸೌಂದರ್ಯ ಅವನ ಕೈ ನಿಂತದ್ದನ್ನು ನೋಡಿ, ಬಗ್ಗಿ ತಾನೇ ಎತ್ತಿಕೊಂಡಳು.

ಸೀಡಿ ಒಂದೇ ಸಾಲದು, ವಿಡಿಯೊ ತೆಗೆದವನು ಕೋರ್ಟಿಗೆ ಬಂದು ಹೇಳಬೇಕು ಅಂದರು ಅವಳ ವಕೀಲರು. ಸುದ್ದಿ ಎರಡೇ ದಿನಕ್ಕೆ ಪ್ರಭುವಿನ ಕಿವಿಗೆ ಬಿತ್ತು. ಮಳಿಗೆಗೆ ಬಂದವನು ಜಗಳವಾಡಲಿಲ್ಲ. ಜೆರಾಕ್ಸ್ ಮೆಷೀನ್ ಮುಟ್ಟಿ ನೋಡಿ, ಚೆನ್ನಾಗೈತೆ ಅಂದ.

"ನಂದೆಲ್ಲ ಗುಜರಿಗೆ ಹಾಕಿದೀನಿ, ಇದ್ಯಾವುದೋ ಗೊತ್ತಿಲ್ಲ ಅನ್ನು. ಅರ್ಧ ನಿಜಾನೇ ಅಲ್ವೇನ್ಲೇ. ಮಳಿಗೆ ನಿಂದೇ ಅಂದ್ಕ."

ಹಾಗೆ ಹೇಳದಿದ್ದರೆ ಏನೆಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಅವತ್ತಿನಿಂದ ದುರುಗೇಶನಿಗೆ ಊಟ ಸೇರಲಿಲ್ಲ. ಹೆಂಡತಿ ಪುಷ್ಪಲತಾ ಏನಾಯಿತು ಅಂತ ಎರಡು ಸಲ ಕೇಳಿದಳು. ಸೌಂದರ್ಯಳ ಫೋನ್ ಬಂದಾಗಲೆಲ್ಲ ಬರ್ತೀನಮ್ಮ ಅನ್ನುತ್ತಿದ್ದ. ಪ್ರಭು ಸಿಕ್ಕರೆ ತಲೆಯಾಡಿಸುತ್ತಿದ್ದ. ಸಮನ್ಸ್ ಬಂದಮೇಲೆ ಹುಷಾರಿಲ್ಲ ಅಂತ ಮಲಗುವ ದಾರಿಯೂ ಮುಚ್ಚಿತು.

ಮೊಳಕಾಲ್ಮೂರಿನ ಕೋರ್ಟಿನಲ್ಲಿ ಕಟಕಟೆ ಹತ್ತಿದಾಗ ಅಣ್ಣತಮ್ಮ ಇಬ್ಬರೂ ಎದುರಿಗೇ ಕೂತಿದ್ದರು. ಸೌಂದರ್ಯ ಅವನ ಕಡೆ ನೋಡಲೇ ಇಲ್ಲ, ನೆಲ ನೋಡುತ್ತಿದ್ದಳು. ವಕೀಲರು ಸೀಡಿ ತೋರಿಸಿ, ಈ ವಿಡಿಯೊ ತೆಗೆದವರು ಯಾರು ಅಂತ ಕೇಳಿದರು.

"ನಾನೇ ಸ್ವಾಮಿ. ಧಾರೆಯಿಂದ ಹಿಡಿದು ಊಟದವರೆಗೂ ನಾನೇ ತೆಗೆದೆ."

ಹಗುರಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಾಗ ಮಳಿಗೆಗೆ ಅವನ ಬೀಗದ ಪಕ್ಕ ಪ್ರಭು ಹಾಕಿಸಿದ ಇನ್ನೊಂದು ಬೀಗ ಬಿದ್ದಿತ್ತು. ಮೆಷೀನ್ ಒಳಗಿತ್ತು. ಆಧಾರ್ ಜೆರಾಕ್ಸಿಗೆ ಬಂದಿದ್ದ ಮುದುಕಿಯೊಬ್ಬಳು ಯಾವಾಗ ತೆಗೀತೀಯಪ್ಪ ಅಂತ ಕೇಳಿದಳು. ಅಷ್ಟರಲ್ಲಿ ಪುಷ್ಪಲತಾ ಫೋನ್ ಮಾಡಿ ಎಲ್ಲಿದ್ದೀಯ ಅಂದಳು. ಮಳಿಗೆ ಮುಂದೆ ನಿಂತೇ, ಇನ್ನೂ ಮೊಳಕಾಲ್ಮೂರಲ್ಲಿದೀನಿ ಅಂದ.