ಗುರವ್ವನ ಬುಟ್ಟಿ, ನನ್ನ ಬಂಡಿ

ನಾಲ್ಕು ಗೋಡೆಯೊಳಗೆ ಒಂದು ಯಂತ್ರ ತಾನೆಲ್ಲಿದ್ದೇನೆಂದು ತಾನೇ ತಿಳಿದುಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾನು ಎರಡು ತಾಸು ನಿಲ್ಲದೆ ಮಾತಾಡಬಲ್ಲೆ. ನಾನು ಪಾಠ ಹೇಳುವ ಡಿಪ್ಲೊಮಾ ಕಾಲೇಜಿನ ಹುಡುಗರೇ ಸಾಕ್ಷಿ. ಪಾಪ, ಹಾಜರಾತಿಗಾಗಿ ಕೂತಿರುತ್ತಾರೆ.

ಕುಂದಗೋಳದ ಈರಬಸಪ್ಪ ಸಾಹುಕಾರರ ಮೆಣಸಿನಕಾಯಿ ಗೋದಾಮಿಗೆ ನಾನು ಮಾಡಿದ ಬಂಡಿಯ ಕೆಲಸ ಸರಳ. ತೊಟ್ಟು ಮುರಿಯುವ ಹೆಂಗಸರಿಂದ ಬುಟ್ಟಿ ತೆಗೆದುಕೊಂಡು, ಚೀಲಗಳ ಸಾಲುಗಳ ನಡುವೆ ಎರಡು ಸಲ ಹೊರಳಿ, ತೂಕದ ಕಾಟಾದ ಬಳಿ ನಿಲ್ಲಬೇಕು. ತಗಡಿನ ಸೂರಿನ ಕೆಳಗೆ ಉಪಗ್ರಹದ ಸಂಕೇತ ಸಿಗದು. ಗಾಲಿಯ ಸುತ್ತು ಎಣಿಸಿ ದೂರ ತಿಳಿಯಬಹುದು, ಆದರೆ ಗಾಲಿ ಜಾರಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಕಂಬಕಂಬಕ್ಕೆ ಕಪ್ಪು-ಬಿಳಿ ಚೌಕಗಳ ಚೀಟಿ ಅಂಟಿಸಿದ್ದೆ. ಬಂಡಿಯ ಕ್ಯಾಮೆರಾ ಚೀಟಿ ನೋಡಿ ತಪ್ಪು ತಿದ್ದಿಕೊಳ್ಳುತ್ತದೆ.

ಈ ಬಂಡಿಯನ್ನು ನನಗಿಂತ ಹೆಚ್ಚು ನೆಚ್ಚಿಕೊಂಡವಳು ಗುರವ್ವ. ಹನ್ನೆರಡು ವರ್ಷ ಅಲ್ಲಿ ಬುಟ್ಟಿ ಹೊತ್ತು ಅವಳ ನಡು ಬಿದ್ದುಹೋಗಿತ್ತು.

“ಸರ್ರ, ಇದು ನಡೀತಂದ್ರ ನಾ ಕುಂತು ತೊಟ್ಟು ಮುರೀತೀನ್ರಿ. ಇಲ್ಲಾಂದ್ರ ಕೆಲಸಾನ ಬಿಡಬೇಕ್ರಿ,” ಎಂದಿದ್ದಳು.

ಪರೀಕ್ಷೆಯ ದಿನ ಅಮಾವಾಸ್ಯೆ. “ಪೂಜಾ ಆಗದ ಗಾಲಿ ಉರುಳಬಾರದ್ರಿ,” ಎಂದರು ಸಾಹುಕಾರರು. ನಾನೇ ಮಾಡಿದೆ. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ವಿಭೂತಿ ಕಲಸಿ ಬಂಡಿಯ ಹಣೆಗೆ ಮೂರು ಬೆರಳು ಎಳೆದೆ. ಭಕ್ತಿಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಬಂಡಿ ಹೊರಟಿತು. ನೆಲದ ತೊಟ್ಟುಗಳ ಮೇಲೆ ಗಾಲಿ ಜಾರಿತು. ತಿರುವು ಬರುವ ಮೊದಲೇ ಹೊರಳಿ, ನೇರ ಮೆಣಸಿನಕಾಯಿ ರಾಶಿಗೆ ನುಗ್ಗಿ, ಅಲ್ಲೇ ಗಾಲಿ ತಿರುಗಿಸತೊಡಗಿತು. ಇಡೀ ಗೋದಾಮು ಸೀನಿತು.

ಸೀನುಗಳ ನಡುವೆಯೇ ನಾನು ತಪ್ಪಿತಸ್ಥರನ್ನು ಹುಡುಕಿದೆ. ನೆಲ ಸರಿಯಿಲ್ಲವೆಂದೆ, ಧೂಳು ಎಂದೆ. ಕೊನೆಗೆ, “ಗುರವ್ವಾ, ಕಂಬದ ಚೀಟಿ ಮುಟ್ಟಬ್ಯಾಡಂತ ಎಷ್ಟ ಸಲ ಹೇಳೀನಿ? ಕಸಬರಗಿ ಬಡದಿ ಹೌದಿಲ್ಲೊ?” ಎಂದು ಎಲ್ಲರೆದುರು ಒದರಿದೆ. ಅವಳು ತಲೆ ತಗ್ಗಿಸಿದಳು.

“ಬ್ಯಾಡ ಬಿಡ್ರಿ ಕಾಶಿನಾಥ, ನಿಮ್ಮ ಬಂಡಿ ಒಯ್ಯಿರಿ,” ಎಂದು ಸಾಹುಕಾರರು ಮೂಗು ಒರೆಸಿಕೊಳ್ಳುತ್ತ ಮನೆಗೆ ಹೊರಟೇಬಿಟ್ಟರು.

ಕ್ಯಾಮೆರಾ ಬಿಚ್ಚಲು ಕೂತಾಗ ಕಂಡಿತು. ಅದರ ಗಾಜಿನ ಮೇಲೆ ಒಣಗಿದ ಮೂರು ಬಿಳಿ ಪಟ್ಟೆ. ನನ್ನವೇ ಬೆರಳುಗಳು.

“ನಾ ನೋಡಿದ್ದೆನ್ರಿ,” ಎಂದಳು ಗುರವ್ವ ಮೆಲ್ಲಗೆ. “ದೇವರ ಇಬತ್ತಿ. ಹಚ್ಚಿದಾವ್ರು ಬಂಡಿ ಮಾಡಿದಾವ್ರ. ಒರಸಾಕ ನಾ ಯಾರ್ರಿ?”

ನಾಚಿಕೆಯಿಂದ ಹಿಡಿಯಷ್ಟಾದೆ. ನಡು ಹಿಡಿದುಕೊಂಡು ಅವಳು ಬುಟ್ಟಿಗೆ ಬಾಗಿದಳು. ನಾನು ಕಸಿದುಕೊಂಡು ತಲೆ ಮೇಲಿಟ್ಟುಕೊಂಡೆ, ಎರಡನೆಯ ತಿರುವಿನಲ್ಲಿ ಬೇರೆ ಸಂದಿಗೆ ನುಗ್ಗಿದೆ.

“ತಪ್ಪಾತು ಗುರವ್ವ,” ಎಂದೆ ಚೀಲಗಳಿಗೆ ಮುಖ ಮಾಡಿ.

“ಬಲಕ್ಕ ಹೊಳ್ರಿ ಸರ್ರ. ಮತ್ತ, ಆ ಮಾತ ನನಗಲ್ರಿ, ಸಾಹುಕಾರ್ರಿಗೆ ಹೇಳ್ರಿ. ಬಂಡಿ ಮತ್ತ ಬರೂತನಕ ನನ್ನ ನಡಾ ಇನ್ನೊಂದು ವಾರ ತಡೀತೈತಿ.”

ಬುಟ್ಟಿ ಇಳಿಸಿ ಸಾಹುಕಾರರ ಮನೆ ಕಡೆ ಹೊರಟೆ. ದಾರಿ ಚೆನ್ನಾಗಿ ಗೊತ್ತಿತ್ತು. ಕಾಲೇ ಏಳುತ್ತಿರಲಿಲ್ಲ.