ಮೇಲಿನವನ ಚಪಲ

ಆ ಕಟ್ಟಡದ ಕೆಲಸದಲ್ಲಿ ಅವನನ್ನು ಎಲ್ಲರೂ 'ಮೇಲಿನವನು' ಎಂದೇ ಕರೆಯುತ್ತಿದ್ದರು. ನೆಲದಿಂದ ಎಪ್ಪತ್ತು ಮೀಟರ್ ಎತ್ತರದಲ್ಲಿ, ಕ್ರೇನಿನ ಗಾಜಿನ ಕ್ಯಾಬಿನ್ನಿನಲ್ಲಿ ದಿನವಿಡೀ ಒಬ್ಬನೇ ಕೂತು ಕಬ್ಬಿಣ, ಹಲಗೆ, ಕಾಂಕ್ರೀಟಿನ ಬಕೆಟ್ಟು ಎತ್ತಿ ಇಳಿಸುವವನಿಗೆ ಬೇರೆ ಯಾವ ಹೆಸರು ಒಪ್ಪೀತು? ಕೆಳಗೆ ಯಾರಾದರೂ "ಈ ಕಂಬಿ ಯಾವಾಗ ಬರುತ್ತೋ" ಎಂದು ಗೊಣಗಿದರೆ, "ಮೇಲಿನವನು ಕಣ್ಣು ಬಿಟ್ಟಾಗ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಜೋಕು ಹಳಸಿ ಹೋಗಿದ್ದರೂ ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಮತ್ತೆ ಚಿಗುರುತ್ತಿತ್ತು.

ಅವನಿಗೆ ಐವತ್ತೆರಡು ವರ್ಷ. ಅದರಲ್ಲಿ ಮೂವತ್ತು ವರ್ಷ ಸಿಗರೇಟು ಸೇದಿದ್ದ. ಮೇಲೆ ಕೇಳುವವರಿಲ್ಲ, ಹೇಳುವವರಿಲ್ಲ. ಕೊಕ್ಕೆ ಖಾಲಿಯಾದಾಗ ಒಂದು, ಫ್ಲಾಸ್ಕಿನ ಮುಚ್ಚಳ ತೆಗೆದಾಗ ಒಂದು, ಗಾಳಿ ಜೋರಾಗಿ ಕೆಲಸ ನಿಂತರಂತೂ ಒಂದರ ಬಾಲ ಹಿಡಿದು ಇನ್ನೊಂದು. ಕ್ಯಾಬಿನ್ನಿಗೆ ಹೋಗಲು ಇನ್ನೂರ ಮೂವತ್ತು ಮೆಟ್ಟಿಲುಗಳ ಕಬ್ಬಿಣದ ಏಣಿ. ಹರೆಯದಲ್ಲಿ ಇಂಥ ಏಣಿಗಳನ್ನು ಬೆಕ್ಕಿನ ಹಾಗೆ ಹತ್ತುತ್ತಿದ್ದವನು ಬರುಬರುತ್ತಾ ನಡುವೆ ಒಂದು ಸಲ ನಿಲ್ಲತೊಡಗಿದ, ಆಮೇಲೆ ಮೂರು ಸಲ. ಒಂದು ಬೆಳಿಗ್ಗೆ ನೂರೈವತ್ತನೆಯ ಮೆಟ್ಟಿಲಿನ ಹತ್ತಿರ ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು. ಹತ್ತಲೂ ಆಗದೆ ಇಳಿಯಲೂ ಆಗದೆ, ಏಣಿಯನ್ನು ತಬ್ಬಿಕೊಂಡು ಕಾಲು ಗಂಟೆ ನಿಂತಿದ್ದ.

ಮಾರನೆಯ ದಿನ ಆಸ್ಪತ್ರೆಯ ನರ್ಸಮ್ಮ ಅವನಿಂದ ಉಸಿರಿನ ಬಲ ಅಳೆಯುವ ಒಂದು ಕೊಳವೆ ಊದಿಸಿದಳು. ಬಂದ ಅಂಕಿಯನ್ನು ನೋಡಿ ಪೆನ್ನಿನ ಮುಚ್ಚಳ ಹಾಕಿದಳು.

"ಏಣಿ ಬೇಕಾ, ಸಿಗರೇಟು ಬೇಕಾ? ಎರಡೂ ಆಗಲ್ಲ."

"ಏಣಿ" ಎಂದ.

"ಬಿಟ್ಟ ಮೇಲೂ ಆಸೆ ಬರುತ್ತೆ. ಅಲೆ ಥರ. ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲೋದು ಕಮ್ಮಿ. ಅದರ ಜೊತೆ ಗುದ್ದಾಡಬೇಡಿ. ಸುಮ್ನೆ ಕೂತು ನೋಡಿ."

"ಎಷ್ಟು ದಿನ ಹೀಗೆ ಬರುತ್ತೆ?"

"ಕೆಲವರಿಗೆ ಒಂದೆರಡು ತಿಂಗಳು. ಇನ್ನು ಕೆಲವರಿಗೆ..." ಅಷ್ಟರಲ್ಲಿ ಯಾರೋ ಬಾಗಿಲು ತಳ್ಳಿ ಅವಳನ್ನು ಕರೆದರು. ಉಳಿದ ಮಾತು ಅಲ್ಲೇ ಉಳಿಯಿತು.

ಮೊದಲ ಮೂರು ವಾರ ಮೈಯೆಲ್ಲ ಮುಳ್ಳು. ಮೂಗು ಚುರುಕಾಗಿ ಊಟದಲ್ಲೆಲ್ಲ ಕೊಂಕು ಕಾಣತೊಡಗಿತು. ಕೊನೆಗೆ ಹೆಂಡತಿಯೇ ಸೌಟು ಹಿಡಿದು ಕೇಳಿದಳು: "ರೀ, ನೀವು ಹೊಗೆ ಬಿಟ್ಟಿದ್ದೀರೋ, ನನ್ನ ಮೇಲೆ ಬಿಡ್ತಾ ಇದ್ದೀರೋ?" ಅವನಿಗೂ ನಗು ಬಂತು. ಎರಡು ತಿಂಗಳಾಗುವ ಹೊತ್ತಿಗೆ ಏಣಿಯನ್ನು ಒಂದೇ ಸಲ ನಿಂತು ಹತ್ತಿದ, ನಾಲ್ಕಾಗುವಾಗ ನಿಲ್ಲದೆ ಹತ್ತಿದ. ಜೊತೆಯವರು ಬೆನ್ನು ತಟ್ಟಿದರು. ಗೆದ್ದೆಯಲ್ಲ ಮಹಾರಾಯ ಎಂದರು.

ಗೆದ್ದದ್ದು ಅರ್ಧ ಮಾತ್ರ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ. ಚಟ ಹೋಗಿತ್ತು, ಚಪಲ ಉಳಿದಿತ್ತು. ಏಳು ತಿಂಗಳಾದರೂ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೊಕ್ಕೆ ಖಾಲಿಯಾಯಿತೆಂದರೆ ಸಾಕು, ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಗಂಟಲ ಬುಡದಲ್ಲಿ ಒಂದು ಎಳೆತ. ನರ್ಸಮ್ಮನ ಮಾತು ನೆನೆದು ಗಡಿಯಾರ ನೋಡುತ್ತಾ ಕೂರುತ್ತಿದ್ದ. ಅಲೆ ಇಳಿಯುತ್ತಿತ್ತು, ನಿಜ. ಆದರೆ ನಾಳೆ ಮತ್ತೆ. ಹೊಗಳಿಸಿಕೊಂಡ ಮೇಲೆ 'ಇನ್ನೂ ಬೇಕು ಅನ್ನಿಸುತ್ತೆ' ಎಂದು ಯಾವ ಬಾಯಲ್ಲಿ ಹೇಳುವುದು? ಎಲ್ಲರಿಗೂ ಹೋಗುವಂಥದ್ದು ತನಗೆ ಮಾತ್ರ ಹೋಗಿಲ್ಲ, ತನ್ನಲ್ಲೇ ಏನೋ ಐಬಿದೆ ಎಂದುಕೊಂಡಿದ್ದ.

ಎರಡು ದಿನ ಬಿಡದೆ ಮಳೆ ಸುರಿದು, ಮೂರನೆಯ ದಿನ ತೊಳೆದಿಟ್ಟಂಥ ಬಿಸಿಲು ಬಂದಿತ್ತು. ಆ ಬೆಳಿಗ್ಗೆ ಕ್ಯಾಬಿನ್ನಿನ ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತ. ಹಿಂದಿನ ಸಂಜೆ ಮಳೆ ಬಿಟ್ಟ ಮೇಲೆ ಗ್ರೀಸು ಹಾಕಲು ಬಂದಿದ್ದ ಮೆಕ್ಯಾನಿಕ್ಕು ತನ್ನ ಸಿಗರೇಟಿನ ಪ್ಯಾಕನ್ನೂ ಲೈಟರನ್ನೂ ಸೀಟಿನ ಪಕ್ಕದಲ್ಲೇ ಮರೆತು ಹೋಗಿದ್ದ. ಒಳಗೆ ನಾಲ್ಕು ಇದ್ದವು. ಪ್ಯಾಕಿನ ಮೇಲೆ ಕೈ ಒರೆಸುವ ಬಟ್ಟೆ ಹೊದಿಸಿ ಕೆಲಸ ಶುರು ಮಾಡಿದ. ಹಾವಿನ ಮೇಲೆ ಕಂಬಳಿ ಹೊದಿಸಿದ ಹಾಗಾಯಿತು. ಕಾಣದಿದ್ದರೂ ಅಲ್ಲೇ ಇತ್ತು.

ಕಾಂಕ್ರೀಟಿನ ಲಾರಿ ಹತ್ತೂವರೆಗೆ ಬರಬೇಕಿತ್ತು. ಹನ್ನೊಂದಾದರೂ ಬರಲಿಲ್ಲ. ಕೊಕ್ಕೆ ಖಾಲಿ ನೇತಾಡುತ್ತಿತ್ತು. ಅಲೆ ಬಂತು.

ಅಂದಿನದು ಎಂದಿನಂಥದ್ದಲ್ಲ. ಗಡಿಯಾರ ನೋಡಿದ. ಒಂದು ನಿಮಿಷ. ಎರಡು. ಬಟ್ಟೆ ಸರಿಸಿದ. ಏಳು ತಿಂಗಳು ತಡೆದವನಿಗೆ ಒಂದೇ ಒಂದು ಸೇದುವ ಹಕ್ಕಿಲ್ಲವೇ? ಯಾರಿಗೆ ಗೊತ್ತಾಗುತ್ತದೆ? ಒಂದನ್ನು ಎಳೆದು ತುಟಿಗಿಟ್ಟುಕೊಂಡ. ಒಣ ಎಲೆಯ ಆ ವಾಸನೆ ಮೂಗಿಗೆ ಬಡಿದಾಗ ಕಣ್ಣು ಮಂಜಾಯಿತು. ಅಗಲಿದ ನಂಟನ ಮುಖ ಕಂಡ ಹಾಗೆ. ಕ್ಯಾಬಿನ್ನಿನಲ್ಲಿ ಹೊಗೆ ನಿಂತರೆ ಮೆಕ್ಯಾನಿಕ್ಕಿಗೆ ಗೊತ್ತಾದೀತೆಂದು ಕಿಟಕಿ ಸರಿಸಿ, ಲೈಟರು ಹಿಡಿದ ಕೈಯನ್ನು ಮೇಲೆತ್ತಿದ.

ಏನೋ ಮುಖಕ್ಕೆ ಸೋಕಿತು. ಒರೆಸಿಕೊಂಡ. ಮತ್ತೆ ಸೋಕಿತು. ಹೆಬ್ಬೆರಳ ಮೇಲೆ ಎಳ್ಳುಕಾಳಿನಷ್ಟು ಪುಟ್ಟದೊಂದು ಜೇಡ ಓಡಾಡುತ್ತಿತ್ತು. ಅದರ ಹಿಂದೆ ಬೆಳ್ಳಿಯ ಒಂದು ನೂಲು, ಕಿಟಕಿಯಾಚೆ ಎಲ್ಲಿಗೋ ಹೋಗಿತ್ತು.

ನೂಲಿನ ಜಾಡು ಹಿಡಿದು ಕಣ್ಣೆತ್ತಿದವನು ಹಾಗೇ ಉಳಿದ.

ಗಾಳಿಯ ತುಂಬಾ ನೂಲು. ಸೂರ್ಯನ ದಿಕ್ಕಿಗೆ ನೋಡಿದರೆ ಆಕಾಶವೇ ಎಳೆಎಳೆಯಾಗಿ ಬಿಚ್ಚಿಕೊಂಡು ತೇಲುತ್ತಿತ್ತು. ಸಾವಿರವೋ, ಲಕ್ಷವೋ. ಒಂದೊಂದೂ ಓರೆಯಾಗಿ, ಮಿನುಗುತ್ತಾ, ಆತುರವಿಲ್ಲದೆ ಮೇಲಕ್ಕೆ ಏರುತ್ತಿತ್ತು. ಕ್ರೇನಿನ ಉದ್ದ ತೋಳಿನ ಹಳದಿ ಕಂಬಿಗಳ ಮೇಲೆಲ್ಲ ಆ ನೂಲು ಸಿಕ್ಕಿ, ಕಬ್ಬಿಣಕ್ಕೆ ಬಿಳಿ ಕೂದಲು ಬಂದ ಹಾಗಿತ್ತು. ಪ್ರತಿ ನೂಲಿನ ತುದಿಯಲ್ಲೂ ಒಂದು ಚುಕ್ಕೆ. ಪ್ರತಿ ಚುಕ್ಕೆಯೂ ಒಂದು ಜೀವ. ರೆಕ್ಕೆಯಿಲ್ಲದವು. ಎಲ್ಲಿಂದ ಹೊರಟವೋ, ಎಲ್ಲಿ ಇಳಿಯುತ್ತವೋ.

ಬೆರಳ ಮೇಲಿನ ಜೇಡ ಉಗುರಿನ ತುದಿಗೆ ನಡೆಯಿತು. ಎಂಟೂ ಕಾಲುಗಳ ತುದಿಯಲ್ಲಿ ನೆಟ್ಟಗೆ ನಿಂತಿತು, ಮಗು ಅಟ್ಟದ ಮೇಲಿನ ಡಬ್ಬಿಗೆ ನಿಗುರಿದ ಹಾಗೆ. ಮೈಯ ಹಿಂತುದಿಯನ್ನು ಎತ್ತಿತು. ಅಲ್ಲಿಂದ ಕಣ್ಣಿಗೆ ಕಂಡೂ ಕಾಣದಂಥ ಎಳೆಯೊಂದು ಗಾಳಿಗೆ ಹರಿಯತೊಡಗಿತು. ಗೇಣುದ್ದ, ಮೊಳದುದ್ದ, ಮಾರುದ್ದ. ಅವನು ಉಸಿರು ಬಿಗಿ ಹಿಡಿದಿದ್ದ. ಕೈ ಅಲುಗೀತೆಂದು ಮೊಣಕೈಯನ್ನು ಕಿಟಕಿಯ ಅಂಚಿಗೆ ಆನಿಸಿದ. ಜೇಡ ಕಾಯಿತು. ಒಂದು ಕ್ಷಣದಲ್ಲಿ ಬೆರಳ ಮೇಲೆ ಏನೂ ಇರಲಿಲ್ಲ. ಎಪ್ಪತ್ತು ಮೀಟರ್ ಪಾತಾಳದ ಮೇಲೆ ಅದು ಹೆದರದೆ ಕಾಲು ಬಿಟ್ಟಿತ್ತು, ಮತ್ತು ಬೀಳಲಿಲ್ಲ. ಏರಿತು. ಉಳಿದವುಗಳ ಜೊತೆ ಸೇರಿ ಯಾವುದು ಅದು ಯಾವುದು ಬೇರೆ ಎಂದು ಗೊತ್ತಾಗದಂತಾಯಿತು.

ಮೂವತ್ತು ವರ್ಷ ಇಂಥದ್ದೇ ಎತ್ತರದಲ್ಲಿ ಕೂತಿದ್ದೆನಲ್ಲ, ಇವು ಆಗಲೂ ಹೋಗುತ್ತಿದ್ದವೇನೋ ಎಂದುಕೊಂಡಾಗ ಅವನ ಮೈ ಜುಂ ಎಂದಿತು.

"ಮೇಲಿನವನೇ! ಏ ಮೇಲಿನವನೇ! ನಾಲ್ಕು ಸಲ ಕೂಗಿದೆ. ಲಾರಿ ಗೇಟಿಗೆ ಬಂತು. ಬದುಕಿದ್ದೀಯಾ?"

ವಾಕಿಟಾಕಿಯಲ್ಲಿ ಸೀಟಿಯಣ್ಣನ ದನಿ. ಕೆಳಗೆ ನಿಂತು ಯಾವ ಹೊರೆ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಕ್ರೇನಿನವನಿಗೆ ಹೇಳುವವನು. ಕೊರಳಲ್ಲಿ ಸದಾ ಒಂದು ಸೀಟಿ ನೇತುಹಾಕಿಕೊಂಡಿರುತ್ತಿದ್ದುದರಿಂದ ಆ ಹೆಸರು. ಅರವತ್ತು ದಾಟಿದ್ದ. ಹಿಂದೆಂದೋ ಸಾರುವೆ ಮುರಿದು ಬಿದ್ದು ಒಂದು ಮಂಡಿ ಹೋಗಿತ್ತು. ಆಮೇಲೆ ಏಣಿ ಹತ್ತಿದವನಲ್ಲ.

"ಸೀಟಿಯಣ್ಣ, ಇಲ್ಲಿ ಜೇಡ ಹಾರ್ತಾ ಇವೆ. ಆಕಾಶದ ತುಂಬಾ."

ಆ ಕಡೆ ಕರಕರ ಸದ್ದು. ಆಮೇಲೆ, "ಏನಪ್ಪಾ ಸೇದಿದೆ ನೀನು?"

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ತುಟಿಯಿಂದ ಸಿಗರೇಟು ತೊಡೆಯ ಮೇಲೆ ಬಿತ್ತು. ಅದು ಬಾಯಲ್ಲಿತ್ತು ಎಂಬುದೇ ಅವನಿಗೆ ಮರೆತುಹೋಗಿತ್ತು.

"ಸೇದಿಲ್ಲ ಅಣ್ಣ. ಸೇದೋಕೆ ಹೊರಟಿದ್ದೆ. ಏಳು ತಿಂಗಳಾದ್ರೂ ದಿನಾ ಬೇಕು ಅನ್ಸುತ್ತೆ. ಇವತ್ತು ಬಾಯಿಗೂ ಇಟ್ಕೊಂಡೆ."

ಹೇಳಿಬಿಟ್ಟ ಮೇಲೆ ನೆನಪಾಯಿತು, ವಾಕಿಟಾಕಿ ಇರುವ ಎಲ್ಲರಿಗೂ ಇದು ಕೇಳಿಸಿರುತ್ತದೆ ಎಂದು. ಕಂಬಿ ಕಟ್ಟುವವರ ಮೇಸ್ತ್ರಿ, ಪಂಪಿನವನು, ಗೇಟಿನವನು. ಕಿವಿ ಬಿಸಿಯಾಯಿತು. ಆದರೆ ಯಾರೂ ತಮಾಷೆ ಮಾಡಲಿಲ್ಲ.

"ಊಟಕ್ಕೆ ಇಳಿದಾಗ ಮಾತಾಡೋಣ" ಎಂದ ಸೀಟಿಯಣ್ಣ. "ಈಗ ಬಕೆಟ್ಟು ಎತ್ತು. ನಿಧಾನ. ನಿನ್ನ ನೆಂಟರಿಗೆ ಗಾಯ ಆಗದ ಹಾಗೆ."

ಮಧ್ಯಾಹ್ನ ಇಬ್ಬರೂ ಹಲಗೆ ರಾಶಿಯ ನೆರಳಲ್ಲಿ ಡಬ್ಬಿ ಬಿಚ್ಚಿ ಕೂತರು. ಸೀಟಿಯಣ್ಣ ಮೊದಲು ಜೇಡದ ವಿಷಯವನ್ನೇ ಕೇಳಿದ. ಎಷ್ಟಿದ್ದವು, ಬಣ್ಣ ಯಾವುದು, ಯಾವ ಕಡೆ ಹೋದವು. ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ತುತ್ತು ಆರಿಹೋಯಿತು. ಆಮೇಲೆ ಬೆರಳು ನೋಡಿಕೊಳ್ಳುತ್ತಾ, "ನಾನು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು" ಎಂದ.

"ಏನು? ನೀವು ಸೇದ್ತಾ ಇದ್ರಾ?"

"ಚಿಮಣಿ ಥರ. ಇನ್ನೂ ಬರುತ್ತೆ ಕಣೋ."

"ಹತ್ತೊಂಬತ್ತು ವರ್ಷ ಆದ್ಮೇಲೂ?"

"ನಿನ್ನ ಹಾಗೆ ದಿನಾ ಅಲ್ಲ. ಕೆಲವು ಸಲ ಆರು ತಿಂಗಳು ಸುಳಿವೇ ಇರಲ್ಲ. ಆಮೇಲೆ ಎಲ್ಲಿಂದಲೋ ಬಂದು ಪಕ್ಕದಲ್ಲಿ ಕೂತ್ಕೊಳ್ಳುತ್ತೆ. ಮಂಡಿ ಮುರಿದು ಮಲಗಿದ್ದಾಗ ಬಂತು. ಮಗಳ ಮದುವೆ ದಿನ, ಅಷ್ಟು ಖುಷಿಯಲ್ಲೂ ಬಂತು. ನಮ್ಮಮ್ಮನ್ನ ಮಣ್ಣು ಮಾಡಿ ಬಂದಾಗ ಬಂದಿದ್ದಂತೂ ಎರಡು ದಿನ ಹೋಗಿ ಬಂದು ಮಾಡಿತು. ಮೊನ್ನೆ ಮಳೆಯಲ್ಲಿ ಸಿಮೆಂಟು ಚೀಲ ಒದ್ದೆ ಆಯ್ತಲ್ಲ, ಆ ವಾಸನೆಗೂ ಬಂತು."

"ಬಂದಾಗ ಏನ್ ಮಾಡ್ತೀರ?"

"ಏನೂ ಇಲ್ಲ. ಸೀಟಿ ಬಾಯಲ್ಲಿ ಇಟ್ಕೊಂಡು ನಿಲ್ತೀನಿ."

"ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ?"

"ಹೊಸದಾಗಿ ಬಿಟ್ಟವನಿಗೆ ಹತ್ತೊಂಬತ್ತು ವರ್ಷ ಅಂದ್ರೆ ಓಡಿ ಹೋಗ್ತಾನೆ. ನೀನೂ ಕೇಳ್ಲಿಲ್ಲ. ಮೇಲೆ ಕೂತು ಎಲ್ಲ ಸರಿಯಿದೆ ಅಂತಿದ್ದೆ."

ಅವನು ಸೀಟಿಯಣ್ಣನನ್ನು ಹೊಸಬನನ್ನು ನೋಡಿದಂತೆ ನೋಡಿದ. ಕುಂಟುಗಾಲು, ಬಿಸಿಲಿಗೆ ಕಂದಿದ ಕತ್ತು, ಸಿಮೆಂಟು ಹತ್ತಿದ ಹುಬ್ಬು. ಹನ್ನೆರಡು ವರ್ಷ ಈ ಮನುಷ್ಯನ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಕೆಲಸ ಮಾಡಿದ್ದ. ಟನ್ನುಗಟ್ಟಲೆ ಕಬ್ಬಿಣವನ್ನು ಆ ದನಿಯ ಮೇಲೆ ನಂಬಿಕೆಯಿಟ್ಟು ಇಳಿಸಿದ್ದ. ಆ ದನಿ ಒಮ್ಮೆಯೂ ನಡುಗಿದ್ದನ್ನು ಕೇಳಿರಲಿಲ್ಲ. ಅದರ ಹಿಂದೆ ಇಷ್ಟು ಅಲೆಗಳು ಎದ್ದು ಬಿದ್ದು ಹೋಗಿದ್ದವೇ? ಬೆಳಿಗ್ಗೆ ಆಕಾಶ ನೋಡಿದಾಗ ಮೂಡಿದ ಬೆರಗೇ, ಅದಕ್ಕಿಂತ ಒಂದು ಹಿಡಿ ಹೆಚ್ಚಾಗಿಯೇ, ಈಗ ಈ ಮುದುಕನ ಎದುರು ಎದೆ ತುಂಬಿ ಬಂತು. ತನ್ನ ಡಬ್ಬಿಯಲ್ಲಿದ್ದ ಮೀನಿನ ದೊಡ್ಡ ತುಂಡನ್ನು ಅವನ ಡಬ್ಬಿಗೆ ಹಾಕಿದ.

"ಇದ್ಯಾಕೋ?"

"ತಿನ್ನಿ ಅಣ್ಣ, ಸುಮ್ನೆ."

ಸಂಜೆ ಮೆಕ್ಯಾನಿಕ್ಕನ್ನು ಹುಡುಕಿ ಪ್ಯಾಕು ಕೊಟ್ಟ. "ಮೂರಿದೆ. ಒಂದನ್ನ ನಾನು ಬಾಯಿಗಿಟ್ಟು ಎಂಜಲು ಮಾಡಿದೆ. ಹಚ್ಚಲಿಲ್ಲ." ಮೆಕ್ಯಾನಿಕ್ಕು ತಲೆ ಕೆರೆದುಕೊಂಡು ನೋಡಿದ.

ಮನೆಯಲ್ಲಿ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಮಂಚದ ಅಂಚಿಗೆ ಕೂತು ಎಲ್ಲವನ್ನೂ ಹೇಳಿದ. ಜೇಡದ್ದನ್ನೂ, ಏಳು ತಿಂಗಳು ಮುಚ್ಚಿಟ್ಟದ್ದನ್ನೂ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಮುಚ್ಚಿಟ್ಟಿದ್ರಾ? ದಿನಾ ಊಟ ಆದ್ಮೇಲೆ ನಿಮ್ಮ ಕೈ ಮೇಜಿನ ಮೇಲೆ ತಡಕಾಡೋದು ನನಗೆ ಕಾಣಲ್ವಾ? ಅದಕ್ಕೇ ತಾನೇ, ಆ ಹೊತ್ತಿಗೆ ಸರಿಯಾಗಿ ಹಣ್ಣು ಹೆಚ್ಚಿಕೊಡಿ ಅಂತ ಚಾಕು ಕೈಗೆ ಕೊಡ್ತಿದ್ದಿದ್ದು."

ಏಳು ತಿಂಗಳು ತಪ್ಪದೆ ಹಣ್ಣು ಹೆಚ್ಚಿದ್ದನ್ನು ನೆನೆದು ಅವನು ಎದ್ದು ಅಡುಗೆಮನೆಯಿಂದ ಹಣ್ಣನ್ನೂ ಚಾಕುವನ್ನೂ ತಾನೇ ತಂದ.

ಚಪಲ ಅವತ್ತಿಗೆ ಹೋಯಿತು ಎಂದೇನಲ್ಲ. ಮಾರನೆಯ ದಿನ ಆಕಾಶದಲ್ಲಿ ಒಂದು ನೂಲೂ ಇರಲಿಲ್ಲ. ಹನ್ನೊಂದಕ್ಕೆ ಅಲೆ ಮಾತ್ರ ಸರಿಯಾಗಿ ಬಂತು. ಅವನು ವಾಕಿಟಾಕಿ ಎತ್ತಿದ.

"ಸೀಟಿಯಣ್ಣ, ಬಂತು."

"ಬರ್ಲಿ ಬಿಡು. ಅಲ್ಲಿಂದ ಏನ್ ಕಾಣುತ್ತೆ ಹೇಳು. ಮಂಡಿ ಹೋದಾಗಿಂದ ಬರೀ ಕತ್ತೆತ್ತಿ ಕೆಲಸ ಮಾಡಿದ್ದೀನಿ. ಮೇಲಿಂದ ಹೇಗಿರುತ್ತೆ ಅಂತ ಒಬ್ಬನೂ ಹೇಳಿಲ್ಲ."

ಅವನು ಕಿಟಕಿ ಸರಿಸಿ ಕಣ್ಣು ಹಾಯಿಸಿದ. "ಬಿಸಿಲಿದೆ. ದೂರದಲ್ಲಿ ಒಂದೇ ಒಂದು ಮೋಡ. ಅದರ ನೆರಳು ಊರ ಮೇಲೆ ನಡ್ಕೊಂಡು ಬರ್ತಾ ಇದೆ, ಅಣ್ಣ. ಈಗ ಹೊಳೆ ದಾಟ್ತು. ನೀರಿನ ಬಣ್ಣ ಬದಲಾಯ್ತು."

"ಹೂಂ."

"ರೈಲು ಹಳಿ ದಾಟ್ತಿದೆ. ಒಂದೊಂದೇ ಮನೆ ತಾರಸಿ ಕಪ್ಪಾಗ್ತಿದೆ, ಹಿಂದಿನದು ಬೆಳ್ಳಗಾಗ್ತಿದೆ. ಶಾಲೆ ಮೈದಾನಕ್ಕೆ ಬಂತು. ಮಕ್ಕಳು ಆಡ್ತಿದ್ದಾರೆ, ಅವರಿಗೆ ಗೊತ್ತೇ ಆಗ್ಲಿಲ್ಲ. ಈಗ ನಮ್ಮ ಬೀದಿ. ಗೇಟು. ಅಣ್ಣ, ನಿಮ್ಮ ಹತ್ತಿರ ಬಂತು ನೋಡಿ."

ಕೆಳಗೆ, ಬೆಂಕಿಯಂಥ ಬಿಸಿಲಲ್ಲಿ, ಕಂಬಿ ಕಟ್ಟುವವರೂ ಪಂಪಿನವನೂ ವಾಕಿಟಾಕಿಗೆ ಕಿವಿಗೊಟ್ಟು ತಲೆಯೆತ್ತಿ ನಿಂತಿದ್ದರು. ನೆರಳು ಬಂದು ಅವರೆಲ್ಲರ ಮೇಲೆ ತಣ್ಣಗೆ ಹಾಯಿತು. ಸೀಟಿಯಣ್ಣ ಟೊಪ್ಪಿ ತೆಗೆದು, ಬೋಳುತಲೆಯನ್ನು ಅದಕ್ಕೆ ಒಡ್ಡಿ ನಿಂತ.