ಪರಮೇಶ್ವರಪ್ಪ ಬೈಕಿನ ಲೈಟು ಬದಲಾಯಿಸಿದ್ದು

ಎಕ್ಕಂಬಿಯ ಪರಮೇಶ್ವರಪ್ಪನವರ ಬೈಕಿಗೆ ಇಪ್ಪತ್ತೆರಡು ವರ್ಷ. ಮಗಳು ಹುಟ್ಟಿದ ವರ್ಷ ತಂದದ್ದು. ಮಗಳು ಮದುವೆಯಾಗಿ ಹಾನಗಲ್ಲಿಗೆ ಹೋದಳು, ಬೈಕು ಮಾತ್ರ ಮನೆಯಲ್ಲೇ ಉಳಿಯಿತು. ಈಗಲೂ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ದಿನಾ ಬೆಳಿಗ್ಗೆ ಎರಡು ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುತ್ತದೆ. ಒಂದು ಕ್ಯಾನು ಮನೆಯದು, ಇನ್ನೊಂದು ಅಕ್ಕಪಕ್ಕದವರದು.

ಆ ಬೈಕಿಗೆ ಒಂದೇ ಒಂದು ಕೊರತೆ. ಮುಂದಿನ ಲೈಟು. ಮೂರು ವರ್ಷದ ಹಿಂದೆ ಕೊಟ್ಟಿಗೆಯ ಹತ್ತಿರ ಬೈಕು ಮಗುಚಿ ಬಿದ್ದು ಲೈಟಿನ ಗಾಜು ಸೀಳಿತ್ತು. ಪರಮೇಶ್ವರಪ್ಪ ಅದಕ್ಕೊಂದು ಟೇಪು ಅಂಟಿಸಿ ಸುಮ್ಮನಾದರು. ಮಳೆಗಾಲ ಸುಮ್ಮನಿರಲಿಲ್ಲ. ನೀರು ಒಳಗೆ ಇಳಿಯಿತು, ಗಾಜಿನ ಸುತ್ತಿನ ಲೋಹದ ಬಳೆ ಕಂದಿತು, ಒಳಗೆಲ್ಲ ತುಕ್ಕು ಹಿಡಿಯಿತು. ಸ್ವಿಚ್ಚು ಹಾಕಿದರೆ ಲೈಟು ಹತ್ತುತ್ತಿತ್ತು ನಿಜ. ಆದರೆ ಅದು ಹತ್ತಿದ್ದು ಗೊತ್ತಾಗಬೇಕಾದರೆ ಬಗ್ಗಿ ನೋಡಬೇಕಿತ್ತು.

"ಅದೊಂದು ಲೈಟು ಹಾಕಸ್ರೀ," ಎಂದು ಹೆಂಡತಿ ದ್ಯಾವಮ್ಮ ಎಷ್ಟು ಸಲ ಹೇಳಿದ್ದರೋ.

"ಮುದಿ ಎತ್ತಿನ ಕೋಡಿಗೆ ಹೊಸ ಹಿತ್ತಾಳಿ ಅಣಸು ಯಾಕ?" ಎಂದು ಪರಮೇಶ್ವರಪ್ಪ ನಗುತ್ತಿದ್ದರು. "ಡೇರಿ ದಾರಿ ನನಗ ಕಣ್ಣು ಮುಚ್ಚಿದ್ರೂ ಗೊತ್ತೈತಿ. ಎಲ್ಲಿ ಗುಂಡಿ, ಎಲ್ಲಿ ಉಬ್ಬು, ಕೇಳು ಹೇಳ್ತೇನಿ."

ಆ ಮಾತು ಸುಳ್ಳೇನಲ್ಲ. ಅವರಿಗೆ ದಾರಿ ಗೊತ್ತಿತ್ತು.

ಪುಷ್ಯ ಮಾಸದ ಒಂದು ಬೆಳಿಗ್ಗೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಳದಲ್ಲಿ ಕಟ್ಟಿದ ಎಮ್ಮೆ ಜಗಲಿಯಿಂದ ಕಾಣುತ್ತಿರಲಿಲ್ಲ. ಪರಮೇಶ್ವರಪ್ಪ ಹೆಲ್ಮೆಟ್ ಹಾಕಿಕೊಂಡು, ಕ್ಯಾನು ಬಿಗಿದು ಹೊರಟರು. ಕೆರೆಯ ಹತ್ತಿರ ಬಂದಾಗ ಎಡಗಡೆಯ ಕೇರಿಯಿಂದ ಪಂಚಾಯ್ತಿಯ ಕಸದ ಗಾಡಿ ಸೀದಾ ರಸ್ತೆಗೇ ಬಂತು. ಪರಮೇಶ್ವರಪ್ಪ ಬ್ರೇಕು ಒತ್ತಿ ಬಲಕ್ಕೆ ಎಳೆದರು. ಬೈಕು ರಸ್ತೆ ಬಿಟ್ಟು ಹುಲ್ಲಿಗೆ ಇಳಿದು ಉರುಳಿತು. ಕ್ಯಾನುಗಳ ಮುಚ್ಚಳ ಹಾರಿ, ಹಾಲೆಲ್ಲ ಕೆರೆ ಏರಿಯ ಪಾಲಾಯಿತು.

ಗಾಡಿ ನಿಲ್ಲಿಸಿ ಓಡಿ ಬಂದವಳು ರಕ್ಷಿತಾ. ಮೇಲಿನ ಕೇರಿಯ ಮಂಜಿಯ ಮಗಳು. ಮಹಿಳಾ ಸಂಘದಿಂದ ಡ್ರೈವಿಂಗ್ ತರಬೇತಿ ಪಡೆದು, ಲೈಸೆನ್ಸ್ ಮಾಡಿಸಿಕೊಂಡು, ಒಂದೂವರೆ ವರ್ಷದಿಂದ ಆ ಗಾಡಿ ಓಡಿಸುತ್ತಿದ್ದಾಳೆ.

"ಕಾಕಾ! ಪೆಟ್ಟಾತೇನ್ರಿ? ಏಳ್ರಿ, ಕೈ ಕೊಡ್ರಿ."

ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಪರಮೇಶ್ವರಪ್ಪ ಆ ಕೈ ಹಿಡಿಯಲಿಲ್ಲ.

"ಕಣ್ಣು ಎಲ್ಲಿ ಇಟ್ಟಿದ್ದಿ? ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು!"

"ನೋಡಿದ್ನ್ರೀ ಕಾಕಾ. ಎರಡೂ ಕಡೆ ನೋಡೇ ಬಂದೆ. ನೀವು ಕಾಣಲಿಲ್ಲ."

"ಇಷ್ಟು ದೊಡ್ಡ ಬೈಕು ಕಾಣಲಿಲ್ಲೇನು?"

ಖಾಲಿ ಕ್ಯಾನು ಹೊತ್ತು ಡೇರಿಗೆ ಹೋದವರು ಅಲ್ಲಿದ್ದ ಹತ್ತು ಜನರ ಮುಂದೆ ಅದನ್ನೇ ಹೇಳಿದರು. ಅಲ್ಲಿಂದ ಪಂಚಾಯ್ತಿಗೆ ಹೋದರು. "ಬರವಣಿಗೆಯಲ್ಲಿ ಕೊಡಿ, ವಿಚಾರಿಸ್ತೇವೆ," ಎಂದರು ಅಲ್ಲಿಯವರು. ಪರಮೇಶ್ವರಪ್ಪ ಮನೆಗೆ ಬಂದು, ಮಗಳ ಹಳೆಯ ನೋಟುಬುಕ್ಕಿನ ಹಾಳೆ ಹರಿದು ಅರ್ಜಿ ಬರೆದೇಬಿಟ್ಟರು. ಈ ಹೆಣ್ಣುಮಗಳಿಂದ ಗಾಡಿ ಬಿಡಿಸಬೇಕು ಎಂದು.

ಮಧ್ಯಾಹ್ನ ಸಂಘದ ಸಭೆಗೆ ಹೋಗಿದ್ದ ದ್ಯಾವಮ್ಮ ಬಂದವರೇ ಗೋಡೆಗೆ ಒರಗಿ ಕುಳಿತರು.

"ಆ ಹುಡುಗಿ ಅಳಾಕತ್ತಿತ್ತು."

"ಅಳ್ಲಿ. ನಾ ಸತ್ತಿದ್ರ ನೀ ಅಳಬೇಕಿತ್ತು."

"ಹೌದು, ಅಳ್ತಿದ್ದೆ," ಎಂದರು ದ್ಯಾವಮ್ಮ. "ಅದಕ್ಕ ಹೇಳಾಕತ್ತೇನಿ. ಅಕಿ ನೋಡ್ಲಿಲ್ಲೋ, ನೀವು ಕಾಣ್ಲಿಲ್ಲೋ, ಮೊದ್ಲು ಅದನ್ನ ಒಂದು ತಿಳಕೊಳ್ರಿ."

ಪರಮೇಶ್ವರಪ್ಪ ಅರ್ಜಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟರು.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಗಾಡಿ ಬಂದು ನಿಂತ ಸದ್ದಾಯಿತು. ರಕ್ಷಿತಾ ಇಳಿದು ಜಗಲಿಯ ಕೆಳಗೆ ನಿಂತಳು. ಕಣ್ಣು ಊದಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು.

"ಕಾಕಾ, ಅರ್ಜಿ ಕೊಡೂದಿದ್ರ ಕೊಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಅದಕ್ಕೂ ಮೊದ್ಲು ಒಂದೈದು ನಿಮಿಷ ನನ್ನ ಸೀಟಿನ ಮ್ಯಾಲೆ ಕುಂದರ್ರಿ. ನಿಮ್ಮ ಬೈಕು ನಾ ಹೊಡೀತೇನಿ."

"ನಿನಗ ಬೈಕು ಬರ್ತೈತೇನು?"

"ಬರ್ತೈತ್ರಿ. ಅದಕ್ಕೂ ಲೈಸೆನ್ಸ್ ಐತಿ."

ದ್ಯಾವಮ್ಮ ಶಾಲು ಹೊದ್ದು ಮೊದಲೇ ಅಂಗಳಕ್ಕೆ ಇಳಿದಾಗಿತ್ತು. ಇನ್ನು ಪರಮೇಶ್ವರಪ್ಪ ಏಳದೆ ಏನು ಮಾಡಿಯಾರು?

ಕೆರೆಯ ಹತ್ತಿರ, ನಿನ್ನೆ ಗಾಡಿ ಬಂದಿದ್ದ ಕೇರಿಯ ಬಾಯಲ್ಲೇ ರಕ್ಷಿತಾ ಗಾಡಿ ನಿಲ್ಲಿಸಿ ಕೀಲಿ ತೆಗೆದುಕೊಂಡಳು. ಹಿಂದೆಯೇ ಬೈಕಿನಲ್ಲಿ ಬಂದ ಪರಮೇಶ್ವರಪ್ಪ ಈಗ ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ದ್ಯಾವಮ್ಮ. ರಕ್ಷಿತಾ ಅವರ ಹೆಲ್ಮೆಟ್ ಹಾಕಿಕೊಂಡು, ಬೈಕು ಹತ್ತಿ, ನಿನ್ನೆಯಷ್ಟೇ ದಟ್ಟವಾಗಿದ್ದ ಮಂಜಿನೊಳಗೆ ಹೋದಳು.

ಅಷ್ಟರಲ್ಲಿ ಹಾನಗಲ್ ಕಡೆಯ ಬಸ್ಸು ಬಂತು. ದೂರದ ಆಲದ ಮರದ ಹತ್ತಿರವೇ ಅದರ ಎರಡು ದೀಪ ಬೆಳ್ಳಗೆ ಕಂಡವು. ಬಸ್ಸು ಇವರನ್ನು ದಾಟಲು ಇನ್ನೂ ಬೇಕಾದಷ್ಟು ಸಮಯವಿತ್ತು. ಅದರ ಹಿಂದೆ ಒಂದು ಸ್ಕೂಟರು. ಅದೂ ಕಂಡಿತು.

ಆಮೇಲೆ ರಸ್ತೆ ಖಾಲಿ. ಪರಮೇಶ್ವರಪ್ಪ ಕಣ್ಣು ಕಿರಿದು ಮಾಡಿ ನೋಡಿದರು. ತಮ್ಮ ಬೈಕಿನ ಸದ್ದು ಕೇಳಿಸಿತು. ಇಪ್ಪತ್ತೆರಡು ವರ್ಷದ ಸದ್ದು, ಗುರುತು ಸಿಗದೇ ಇರುತ್ತದೆಯೇ.

"ಬಂತು," ಎಂದರು ದ್ಯಾವಮ್ಮ. "ಕಾಣ್ತೇನ್ರಿ?"

"ಇಲ್ಲ."

ಸದ್ದು ಹತ್ತಿರವಾಯಿತು.

"ಈಗ?"

"ಎಲ್ಲೈತದು?" ಪರಮೇಶ್ವರಪ್ಪ ಸ್ಟೇರಿಂಗಿನ ಮೇಲೆ ಬಾಗಿದರು. ಗಾಡಿಯ ಎಂಜಿನ್ನು ಬಂದ್ ಆಗಿತ್ತು, ಆದ್ದರಿಂದ ಸದ್ದಾದರೂ ಕೇಳುತ್ತಿತ್ತು. ಎಂಜಿನ್ನು ಓಡುತ್ತಿದ್ದರೆ ಅದೂ ಇಲ್ಲ ಎಂದು ಅವರಿಗೆ ಹೊಳೆಯಿತು.

ಆಗ, ಇನ್ನೇನು ಹತ್ತು ಮಾರು ದೂರದಲ್ಲಿ, ಮಂಜಿನಲ್ಲಿ ಬೀಡಿಯ ಕಿಡಿಯಂಥ ಒಂದು ಕೆಂಪು ಚುಕ್ಕೆ ಕಂಡಿತು. ಅದರ ಹಿಂದೆಯೇ ಇಡೀ ಬೈಕು ಒಮ್ಮೆಲೇ ಎದ್ದು ಬಂದಂತಾಯಿತು. ಪರಮೇಶ್ವರಪ್ಪನ ಬಲಗಾಲು ತಾನಾಗಿ ಬ್ರೇಕು ತುಳಿಯಿತು. ಗಾಡಿ ನಿಂತೇ ಇತ್ತು, ಆದರೂ ತುಳಿಯಿತು.

ರಕ್ಷಿತಾ ಬೈಕು ನಿಲ್ಲಿಸಿ ಕಿಟಕಿಯ ಹತ್ತಿರ ಬಂದಳು.

ಪರಮೇಶ್ವರಪ್ಪ ಬ್ರೇಕಿನಿಂದ ಕಾಲು ತೆಗೆದರು. ನಿನ್ನೆ ಈ ಸೀಟಿನಲ್ಲಿ ತಾವಿದ್ದು, ಎದುರಿಗೆ ಬೈಕಿನ ಮೇಲೆ ಈ ಹುಡುಗಿ ಇದ್ದಿದ್ದರೆ?

"ತಂಗೀ," ಎಂದರು. "ನಿನ್ನ ತಪ್ಪಿಲ್ಲ. ನಾನಾಗಿದ್ರ ಗುದ್ದೇ ಬಿಡ್ತಿದ್ದೆ."

ಕಿಸೆಯಿಂದ ಅರ್ಜಿ ತೆಗೆದು ದ್ಯಾವಮ್ಮನ ಕೈಗೆ ಕೊಟ್ಟರು. "ಬಚ್ಚಲ ಒಲಿಗೆ ಹಾಕು."

"ಕಾಕಾ, ಲೈಟು ಅಂದ್ರ ನಮಗ ದಾರಿ ಕಾಣಾಕ ಅಷ್ಟ ಅಂತ ತಿಳಕೊಂಡಿರ್ತೇವಿ," ಎಂದಳು ರಕ್ಷಿತಾ. "ಟ್ರೇನಿಂಗಿನ್ಯಾಗ ಮೊದಲ ದಿನಾನ ಹೇಳಿದ್ರು. ನಾವು ಇನ್ನೊಬ್ಬರಿಗೆ ಕಾಣಾಕೂ ಅದ ಬೇಕು ಅಂತ."

ಅದೇ ದಿನ ಪರಮೇಶ್ವರಪ್ಪ ಬಿಸಿಲು ಬಂದ ಮೇಲೆ ಶಿರಸಿಗೆ ಹೋದರು. ಗ್ಯಾರೇಜಿನ ದಿನಕರ ಹಳೆಯ ಪರಿಚಯ. ಲೈಟಿನ ಬಳೆಯ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ದಿನಕರ ಎಣ್ಣೆ ಬಿಟ್ಟು, ಚಹಾ ಕುಡಿದು ಬಂದು, ನಿಧಾನಕ್ಕೆ ತಿರುಗಿಸಿದ. ಲೈಟು ಬಿಚ್ಚಿದಾಗ ಒಳಗಿಂದ ಒಂದು ಹಿಡಿ ತುಕ್ಕಿನ ಪುಡಿ ಉದುರಿತು.

"ಎಂತದು ಮಾರಾಯ್ರೆ ಇದು! ಇಷ್ಟು ದಿನ ಹ್ಯಾಗೆ ಓಡಿಸಿದ್ರಿ?"

"ಎರಡು ಸಲ ಬಲ್ಬ್ ಬದಲಿ ಮಾಡೇನಲ್ಲೋ."

"ಬಲ್ಬ್ ಎಷ್ಟೇ ಹೊಸದಿರ್ಲಿ, ಅದರ ಹಿಂದಿನ ರಿಫ್ಲೆಕ್ಟರ್ ಕನ್ನಡಿ ಹಂಗೆ ಹೊಳೀಬೇಕು. ಅದೇ ಬೆಳಕನ್ನ ಮುಂದೆ ದೂಡೋದು. ನಿಮ್ಮದು ಹಳೇ ಬಾಣಲೆ ಹಂಗೆ ಆಗಿದೆ ನೋಡಿ."

ಪರಮೇಶ್ವರಪ್ಪನಿಗೆ ಈಗ ಹುರುಪು ಬಂದುಬಿಟ್ಟಿತ್ತು. "ಹಂಗಾದ್ರ ಆ ಬೆಳ್ಳಗೆ ಝಗ್ಗ ಅಂತೈತಲ್ಲ, ಅಂಥದ್ದು ಹಾಕು. ಹುಬ್ಬಳ್ಳಿತನ ಕಾಣಬೇಕು!"

"ಅದು ಮಾತ್ರ ಹಾಕೂದಿಲ್ಲ," ಎಂದ ದಿನಕರ. "ಎದುರಿಗೆ ಬರೋರ ಕಣ್ಣು ಕುಕ್ಕಿ ಅವರು ಗಟಾರಕ್ಕೆ ಹೋಗ್ತಾರೆ. ಮಂಜಿನಲ್ಲಿ ನಿಮ್ಮ ಕಣ್ಣಿಗೇ ಬೆಳಕು ವಾಪಸ್ ಹೊಡೀತದೆ. ಗಾಡಿಗೆ ಎಷ್ಟು ಬೇಕೋ ಅಷ್ಟೇ ಸಾಕು. ಮಂಜಿದ್ದಾಗ ಬೆಳಕು ಕೆಳಗೆ ಬೀಳೋ ಹಂಗೆ ಡಿಪ್ಪಿನಲ್ಲೇ ಇಡಿ, ನಿಧಾನ ಹೋಗಿ."

ಬೈಕಿಗೆ ಹೊಂದುವ ಹೊಸ ಲೈಟು ಕೂರಿಸಿದ. ತುಕ್ಕು ಹಿಡಿದಿದ್ದ ವೈರಿನ ತುದಿಗಳನ್ನು ಉಜ್ಜಿ ಬಿಗಿದ. ಆಮೇಲೆ ಪರಮೇಶ್ವರಪ್ಪನನ್ನೇ ಸೀಟಿನ ಮೇಲೆ ಕೂರಿಸಿ, ಗೋಡೆಯ ಮುಂದೆ ಲೈಟು ಹಚ್ಚಿ, ಬೆಳಕು ತುಸು ಕೆಳಗೆ ಬೀಳುವಂತೆ ಹೊಂದಿಸಿದ. ಹಿಂದಿನ ಕೆಂಪು ದೀಪ ನೋಡಿದ. ಕ್ಯಾನು ತೂಗುಹಾಕುವ ಕಬ್ಬಿಣದ ಚೌಕಟ್ಟಿಗೆ ಎರಡು ಹೊಳೆಯುವ ಪಟ್ಟಿ ಅಂಟಿಸಿದ. ಎಲ್ಲಾ ಸೇರಿ ಅರ್ಧ ದಿನದ ಕೆಲಸ. ಖರ್ಚು ಒಂದು ಜೊತೆ ಒಳ್ಳೆಯ ಚಪ್ಪಲಿಯಷ್ಟು.

ಆದರೆ ಪರಮೇಶ್ವರಪ್ಪನಿಗೆ ಇನ್ನೊಂದು ಕೆಲಸ ಬಾಕಿ ಇತ್ತು. ಮರುದಿನ ಡೇರಿಯಲ್ಲಿ ಹಾಲು ಅಳೆದಾದ ಮೇಲೆ ಅವರು ಹೊರಡಲಿಲ್ಲ. ಗಂಟಲು ಸರಿ ಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಮೊನ್ನೆ ಇಲ್ಲೇ ನಿಂತು ರಕ್ಷಿತಾಗ ಬೈದೆ. ಅದು ತಪ್ಪು. ಅಕಿ ಸರಿ ಹೊಡೀತಾಳ. ನನ್ನ ಲೈಟು ಸತ್ತಿತ್ತು."

ಯಾರೋ ನಕ್ಕರು. ಯಾರೋ ಹೊರಗೆ ಹೋಗಿ ತಮ್ಮ ಬೈಕಿನ ಲೈಟು ಹಾಕಿ ನೋಡಿದರು. ಅದು ಹತ್ತಲೇ ಇಲ್ಲ.

ಈಗ ಕೆರೆಯ ತಿರುವಿನಲ್ಲಿ ರಕ್ಷಿತಾ ದಿನಾ ಬೆಳಿಗ್ಗೆ ಪರಮೇಶ್ವರಪ್ಪನನ್ನು ದೂರದಿಂದಲೇ ಗುರುತಿಸುತ್ತಾಳೆ. ಗಾಡಿ ನಿಲ್ಲಿಸಿ, "ಹೋಗ್ರಿ ಕಾಕಾ" ಎಂದು ಕೈ ಮಾಡುತ್ತಾಳೆ. ಇತ್ತ ದ್ಯಾವಮ್ಮ, ಏರಿಯ ಮೇಲೆ ಗಂಡನ ಬೈಕಿನ ಬೆಳಕು ಕಂಡ ಕೂಡಲೇ ಒಳಗೆ ಹೋಗಿ ಚಹಾಕ್ಕೆ ನೀರು ಇಡುತ್ತಾರೆ. ಅವರು ಬಂದು ಕಾಲು ತೊಳೆಯುವಷ್ಟರಲ್ಲಿ ಚಹಾ ಸೋಸಿರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಹಳೆಯ ಬೈಕು ಇರಬಹುದು. ಹಳೆಯದಾದರೆ ತಪ್ಪಿಲ್ಲ, ಅದರ ಲೈಟು ಸರಿಯಿರಲಿ. ಗಾಜು ಸೀಳಿದ್ದರೆ ಟೇಪು ಅಂಟಿಸಿ ಮರೆಯಬೇಡಿ. ಒಳಗೆ ನೀರು, ತುಕ್ಕು ಕಂಡರೆ ಬಲ್ಬು ಮಾತ್ರ ಬದಲಿಸಿ ಸುಮ್ಮನಾಗಬೇಡಿ, ಇಡೀ ಲೈಟು ಬದಲಿಸಿ. ಕಣ್ಣು ಕುಕ್ಕುವ ದೀಪ ಮಾತ್ರ ಬೇಡ. ಇವತ್ತು ಸಂಜೆ ಮಬ್ಬುಗತ್ತಲಾದಾಗ ಮನೆಯವರೊಬ್ಬರನ್ನು ರಸ್ತೆಯ ಬದಿಗೆ ನಿಲ್ಲಿಸಿ. ನೀವು ಲೈಟು ಹಚ್ಚಿಕೊಂಡು ಆ ತುದಿಯಿಂದ ನಿಧಾನಕ್ಕೆ ಬನ್ನಿ. ನೀವು ಎಷ್ಟು ದೂರದಲ್ಲಿ ಕಂಡಿರಿ ಎಂದು ಕೇಳಿ. "ಹತ್ತಿರ ಬಂದ ಮೇಲೆ" ಎಂದು ಅವರು ಹೇಳಿದರೆ, ನಾಳೆಯೇ ಗ್ಯಾರೇಜಿಗೆ ಹೋಗಿ.